ಪ್ರೇಕ್ಷಕರಿಲ್ಲದ ಕಾನ್ಸರ್ಟ್: ಪಿಂಕ್ ಫ್ಲಾಯ್ಡ್‌ನ ಪಾಂಪೆ ಸಿನಿಮಾ ನಾನು ನೋಡುವ ರೀತಿ

ರಾಕ್ ಕಾನ್ಸರ್ಟ್ ಸಿನಿಮಾಗಳಲ್ಲಿ ನನಗೆ ಕಿರಿಕಿರಿ ಅನ್ನಿಸೋದು ಪ್ರೇಕ್ಷಕರು. ಹಾಡು ಒಳ್ಳೆ ಜಾಗಕ್ಕೆ ಬಂದಿರುತ್ತದೆ, ಗಿಟಾರ್ ಮೇಲಿನ ಬೆರಳು ನೋಡೋಣ ಅಂತ ಕಾಯುತ್ತಿರುತ್ತೇವೆ, ಅಷ್ಟರಲ್ಲಿ ಕ್ಯಾಮೆರಾ ಯಾರದೋ ಹೆಗಲ ಮೇಲೆ ಕೂತು ಕಿರುಚುವವರ ಕಡೆ ತಿರುಗಿಬಿಡುತ್ತದೆ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಪಾಂಪೆ ಸಿನಿಮಾದಲ್ಲಿ ಈ ಕಾಟವೇ ಇಲ್ಲ. 1971ರ ಅಕ್ಟೋಬರ್‌ನಲ್ಲಿ ನಿರ್ದೇಶಕ ಏಡ್ರಿಯನ್ ಮೇಬನ್ ಬ್ಯಾಂಡಿನ ನಾಲ್ವರನ್ನು ಇಟಲಿಯ ಪಾಂಪೆಗೆ ಕರೆದುಕೊಂಡು ಹೋಗಿ, ಒಂದು ಕಾಲಕ್ಕೆ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋಗಿದ್ದ ರೋಮನ್ ಬಯಲು ರಂಗಮಂದಿರದ ನಡುವೆ ನಿಲ್ಲಿಸಿ ನುಡಿಸುವಂತೆ ಮಾಡಿದ. ಮೆಟ್ಟಿಲುಗಳೆಲ್ಲ ಖಾಲಿ. ಹಿಂದೆ ರೆಕಾರ್ಡ್ ಹಾಕಿ ಬರೀ ಬಾಯಿ ಆಡಿಸೋದು ಬೇಡ, ನಿಜವಾಗಿಯೇ ನುಡಿಸುತ್ತೇವೆ ಅಂತ ಬ್ಯಾಂಡ್‌ನವರು ಪಟ್ಟು ಹಿಡಿದರು. ಹಾಗಾಗಿ ಅವರ ಸಾಮಾನೆಲ್ಲ ಅಲ್ಲಿಗೇ ಬರಬೇಕಾಯಿತು, ಕರೆಂಟಿಗೆ ಊರೊಳಗಿಂದ ಉದ್ದಕ್ಕೆ ಕೇಬಲ್ ಎಳೆಯಬೇಕಾಯಿತು.

ನಾನು ನೋಡೋದು ಮನೆಯಲ್ಲೇ, ಟೀವಿಯಲ್ಲಿ. ಮೊದಲು ಚಿತ್ರವನ್ನು ನಯ ಮಾಡುವ ಆ ಮೋಷನ್ ಸ್ಮೂತಿಂಗ್ ಸೆಟ್ಟಿಂಗ್ ಆಫ್ ಮಾಡುತ್ತೇನೆ. ಸೆಕೆಂಡಿಗೆ 24 ಚಿತ್ರಗಳ ಫಿಲ್ಮ್ ಇದು, ಅದು ಆನ್ ಇದ್ದರೆ ಪಾಂಪೆ ಹೋಗಿ ಸೀರಿಯಲ್ ಸೆಟ್ ಆಗಿಬಿಡುತ್ತದೆ. ಬ್ಲೂಟೂತ್ ಕೂಡ ಬೇಡ. ಕೋಲು ಡ್ರಮ್ಮಿಗೆ ಬಿದ್ದು ಸದ್ದು ಒಂದು ಚೂರು ತಡವಾಗಿ ಬಂದರೆ ಇಂಥ ಸಿನಿಮಾ ನೋಡಿ ಏನು ಉಪಯೋಗ? ವೈರ್ ಇರುವ ಹೆಡ್‌ಫೋನ್ ಹಾಕುತ್ತೇನೆ, ಪಕ್ಕದ ಮನೆಯವರಿಗೂ ನೆಮ್ಮದಿ. ಪ್ರಿಂಟ್ ಯಾವುದು ಅಂದರೆ, 2025ರಲ್ಲಿ ಮೂಲ 35 ಎಂಎಂ ನೆಗೆಟಿವ್‌ನಿಂದ ತಿದ್ದಿ ತೆಗೆದದ್ದು. ಸಂಗೀತಗಾರ ಸ್ಟೀವನ್ ವಿಲ್ಸನ್ ಹೊಸದಾಗಿ ಮಾಡಿದ ಸೌಂಡ್ ಮಿಕ್ಸ್‌ನಲ್ಲಿ ರೋಜರ್ ವಾಟರ್ಸ್‌ನ ಬೇಸ್ ಗಿಟಾರ್ ಬೇರೆಯಾಗಿ ಕಿವಿಗೆ ಬೀಳುತ್ತದೆ.

ಇನ್ನು ನೋಡುವ ರೀತಿ. ಒಂದು ಸಲಕ್ಕೆ ಒಬ್ಬನನ್ನು ಮಾತ್ರ ಹಿಡಿಯುತ್ತೇನೆ. ಇದು ಕಚೇರಿ ಕೇಳಿ ಬಂದ ಅಭ್ಯಾಸ. ಚಾಮರಾಜಪೇಟೆಯ ರಾಮನವಮಿ ಪೆಂಡಾಲಿನಲ್ಲಿ ಮೃದಂಗದವರ ಕೈ ಕಾಣುವ ಮೂಲೆ ಹುಡುಕಿ ಕೂರುತ್ತಿದ್ದೆ, ಇಲ್ಲೂ ಹಾಗೇ. ಸುಲಭದವನು ಡ್ರಮ್ಸ್ ಬಾರಿಸುವ ನಿಕ್ ಮೇಸನ್, ಯಾಕೆಂದರೆ 'ಒನ್ ಆಫ್ ದೀಸ್ ಡೇಸ್'ನಲ್ಲಿ ಹೆಚ್ಚುಕಮ್ಮಿ ಪೂರ್ತಿ ಅವನೇ ಇದ್ದಾನೆ. ಉಳಿದವರನ್ನು ತೆಗೆದ ರೀಲುಗಳು ಕಳೆದುಹೋದವಂತೆ. ಒಳ್ಳೆಯದೇ ಆಯಿತು ಅಂತೀನಿ! ಮಧ್ಯದಲ್ಲಿ ಅವನ ಕೈಯಿಂದ ಒಂದು ಕೋಲು ಹಾರಿಹೋಗುತ್ತದೆ. ಮುಖದಲ್ಲಿ ಗಾಬರಿ ಇಲ್ಲ, ಇನ್ನೊಂದು ಕೈ ಬಾರಿಸುತ್ತಲೇ ಇರುತ್ತದೆ, ನೋಡನೋಡುತ್ತಿದ್ದಂತೆ ಬೇರೆ ಕೋಲು ಕೈಗೆ ಬಂದಿರುತ್ತದೆ, ತಾಳ ಎಲ್ಲೂ ಅಲ್ಲಾಡುವುದಿಲ್ಲ. ನಾನು ಅಲ್ಲಿ ಹಿಂದಕ್ಕೆ ಹೋಗಿ ಮತ್ತೆ ನೋಡದೆ ಮುಂದೆ ಹೋಗಿದ್ದೇ ಇಲ್ಲ.

ಕೀಬೋರ್ಡ್ ನುಡಿಸುವ ರಿಚರ್ಡ್ ರೈಟ್‌ನನ್ನು ಹಿಡಿದರೆ ಇನ್ನೊಂದು ಗುಟ್ಟು ಬಯಲಾಗುತ್ತದೆ. ಪಾಂಪೆಯಲ್ಲಿ ಅವನಿಗೆ ಗಡ್ಡ ಇದೆ. ಕೆಲವು ಕಡೆ ಇದ್ದಕ್ಕಿದ್ದಂತೆ ಮುಖ ನುಣ್ಣಗೆ! ಅಲ್ಲೆಲ್ಲ ಅವರು ಇರೋದು ಪಾಂಪೆಯಲ್ಲಲ್ಲ, ಪ್ಯಾರಿಸ್ ಸ್ಟುಡಿಯೋದಲ್ಲಿ, ಇಟಲಿಯಲ್ಲಿ ಆಗದೆ ಉಳಿದ ಹಾಡುಗಳನ್ನು ಆಮೇಲೆ ತೆಗೆದದ್ದು. ಒಮ್ಮೆ ಇದು ಗೊತ್ತಾದರೆ ಬೆಳಕು ನೋಡಿಯೇ ಹೇಳಬಹುದು. ನಿಜವಾದ ಬಿಸಿಲಿನಲ್ಲಿ ಅವರು ಕಣ್ಣು ಕಿರಿದು ಮಾಡಿಕೊಂಡು ನುಡಿಸುತ್ತಾರೆ, ಧೂಳು ಏಳುತ್ತಿರುತ್ತದೆ. 'ಎಕೋಸ್'ನಲ್ಲಿ ಕ್ಯಾಮೆರಾ ಹಳಿ ಮೇಲೆ ನಿಧಾನವಾಗಿ ಹಿಂದಿನಿಂದ ಹೋಗುವಾಗ ಆಂಪ್ಲಿಫೈಯರ್‌ಗಳ ಬೆನ್ನ ಮೇಲೆ ಬ್ಯಾಂಡ್ ಹೆಸರಿನ ಜೊತೆ ಲಂಡನ್ ಅಂತ ಬಳಿದಿರೋದು ಕಾಣುತ್ತದೆ. ರೋಮನ್ ಕಲ್ಲುಗಳ ಮಧ್ಯೆ ಅದನ್ನು ನೋಡೋದೇ ಒಂದು ಮಜಾ.

ಇಪ್ಪತ್ತು ನಿಮಿಷ ದಾಟುವ 'ಎಕೋಸ್' ಅನ್ನು ಸಿನಿಮಾದಲ್ಲಿ ಎರಡು ತುಂಡು ಮಾಡಿ ಮೊದಲಿಗೊಂದು ಕೊನೆಗೊಂದು ಇಟ್ಟಿದ್ದಾರೆ. ನನಗದು ಹಿಡಿಸಲ್ಲ, ಹಾಡಿಗೆ ಅನ್ಯಾಯ. ಎರಡು ತುಂಡನ್ನೂ ಜೋಡಿಸಿ ನೋಡುತ್ತೇನೆ. ನಾಯಿಯೊಂದು ಹಾಡಿಗೆ ದನಿ ಸೇರಿಸುವ ಭಾಗವನ್ನು ಮಾತ್ರ ಮುಂದಕ್ಕೆ ಓಡಿಸಿಬಿಡುತ್ತೇನೆ, ಆದರೆ ಮನೆಯಲ್ಲಿ ಮಕ್ಕಳಿದ್ದರೆ ಅವರಿಗೆ ಅದೇ ಇಷ್ಟ.

ಬ್ಯಾಂಡಿನ ಪರಿಚಯ ಇಲ್ಲದವರನ್ನು ಕೂರಿಸುವುದಾದರೆ ಮೊದಲಿಂದ ಹಚ್ಚಬೇಡಿ, ಅರ್ಧದಲ್ಲೇ ಫೋನ್ ತೆಗೆಯುತ್ತಾರೆ. ಸೀದಾ ಮೇಸನ್ ಕೋಲು ಬೀಳಿಸುವ ಹಾಡಿಗೆ ಹೋಗಿ. ಕೋಲು ಬೀಳುತ್ತದೆ ಅಂತ ಮಾತ್ರ ಮುಂಚೆ ಹೇಳಬೇಡಿ.