ಶುಗರ್ ಮತ್ತು ಜ್ಯಾಗರಿ: ಎರಡು ಇಂಗ್ಲಿಷ್ ಪದಗಳ ಮೂಲ ಹುಡುಕುವ ಬಗೆ

ಮುಧೋಳ, ಮಹಾಲಿಂಗಪುರದ ಕಡೆಯ ಬೆಲ್ಲ ಪ್ಯಾಕೆಟ್ಟಿಗೆ ಬಿದ್ದರೆ ಮೇಲೆ ‘ಜ್ಯಾಗರಿ’ ಎಂದು ಅಚ್ಚಾಗುತ್ತದೆ. ಕಾರ್ಖಾನೆಯ ಸಕ್ಕರೆ ಚೀಲದ ಮೇಲೆ ‘ಶುಗರ್’. ಒಂದೇ ಕಬ್ಬಿನ ಎರಡು ಮಾಲು. ಹೆಸರುಗಳೂ ಹಾಗೆಯೇ, ಎರಡೂ ಸಂಸ್ಕೃತದ ಶರ್ಕರಾ ಎಂಬ ಒಂದೇ ಪದದಿಂದ ಹೊರಟವು. ಪದಮೂಲ ಹುಡುಕುವುದನ್ನು ಮಕ್ಕಳಿಗೆ ಕಲಿಸಬೇಕೆಂದರೆ ನಮ್ಮ ಭಾಗದಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಿಕ್ಕಿಲ್ಲ.

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಪದದ ರೂಪ, ಭಾಷೆ, ಕಾಲ, ಆಗಿನ ಅರ್ಥ. ಸಿಗದಿದ್ದದ್ದು ಖಾಲಿ ಇರಲಿ. ಊಹೆಯಿಂದ ತುಂಬಿದ ಕಾಲಂ ಮುಂದಿನ ಸಾಲುಗಳನ್ನೆಲ್ಲ ಕೆಡಿಸುತ್ತದೆ.

ಶಾಲೆಯ ಸಣ್ಣ ಡಿಕ್ಷನರಿಯಲ್ಲಿ ಪದಮೂಲ ಇರುವುದೇ ಕಡಿಮೆ. ಇಂಗ್ಲಿಷಿಗೆ ಹಲವು ಸಂಪುಟಗಳ ಆಕ್ಸ್‌ಫರ್ಡ್ ಕೋಶ ನೋಡಿ. ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳಿಗೆ 1886ರ ಹಾಬ್ಸನ್-ಜಾಬ್ಸನ್ ಎಂಬ ಕೋಶ ಇದೆ. ಹಳೆಯ ಪುಸ್ತಕಗಳಲ್ಲಿ ಆ ಪದ ಬಂದ ಸಾಲುಗಳನ್ನು ಇಸವಿ ಸಮೇತ ಅದು ಕೊಡುತ್ತದೆ. ಕನ್ನಡಕ್ಕೆ 1894ರ ಕಿಟೆಲ್ ಕೋಶ, ದ್ರಾವಿಡ ಪದಗಳಿಗೆ ಬರೋ ಮತ್ತು ಎಮೆನೋ ಅವರ ಕೋಶ. ಒಂದೇ ಕೋಶ ನೋಡಿ ತೀರ್ಮಾನಕ್ಕೆ ಬರಬೇಡಿ, ಯಾಕೆಂಬುದು ಜ್ಯಾಗರಿ ಹುಡುಕುವಾಗ ತಿಳಿಯುತ್ತದೆ.

ಶುಗರ್ ನಡೆದ ದಾರಿ ಹೀಗಿದೆ: ಸಂಸ್ಕೃತದ ಶರ್ಕರಾ, ಪಾರಸಿಯ ಶಕರ್, ಅರಬ್ಬಿಯ ಸುಕ್ಕರ್, ಮಧ್ಯಯುಗದ ಲ್ಯಾಟಿನ್ನಿನ ಸುಕ್ಕಾರುಮ್, ಹಳೆಯ ಫ್ರೆಂಚಿನ ಸುಕ್ರ್, ಅಲ್ಲಿಂದ 13ನೇ ಶತಮಾನದ ಕೊನೆಗೆ ಇಂಗ್ಲಿಷ್. ಅರ್ಥದ ಕಾಲಂನಲ್ಲಿ ಮೊದಲ ಸಾಲಿಗೆ ‘ಸಿಹಿ’ ಎಂದು ಬರೆಯಬೇಡಿ. ಶರ್ಕರಾ ಎಂದರೆ ಮೊದಲಿಗೆ ಹರಳು, ಗರಸು. ಹರಳುಗಟ್ಟಿದ ಕಬ್ಬಿನ ರಸಕ್ಕೆ ಆ ಹೆಸರು ಅಂಟಿಕೊಂಡಿತು.

ಹೆಚ್ಚಿನವರು ಎಡವುವುದು ಶಕಾರದಲ್ಲಿ. ಶರ್ಕರಾದಲ್ಲೂ ಶ, ಶುಗರಿನಲ್ಲೂ ಶ, ಅಂದ ಮೇಲೆ ಅದೇ ಇದು ಎಂದು ಬರೆದುಬಿಡುತ್ತಾರೆ. ಹಾಳೆಯ ರೂಪದ ಕಾಲಂ ಮೇಲಿಂದ ಕೆಳಗೆ ಓದಿ: ಅರಬ್ಬಿಗೆ ಬಂದಾಗಲೇ ಶ ಹೋಗಿ ಸ ಆಗಿದೆ. ಇಂಗ್ಲಿಷಿನ ಸ್ಪೆಲ್ಲಿಂಗಿನಲ್ಲೂ ಇರುವುದು ಬರೀ ‘ಎಸ್’. ಅದನ್ನು ಒಂದು ಕಾಲಕ್ಕೆ ‘ಸ್ಯೂ’ ಎಂದು ಉಚ್ಚರಿಸುತ್ತಿದ್ದರು. ಸ್ ಮತ್ತು ಯ್ ಕೂಡಿ ಶ್ ಆದದ್ದು ಇಂಗ್ಲಿಷಿನೊಳಗೇ, ತಡವಾಗಿ. ‘ಶ್ಯೂರ್’ ಪದದಲ್ಲೂ ಆಗಿದ್ದು ಇದೇ. ಒಂದು ಧ್ವನಿ ಬದಲಾಯಿತು ಎಂದು ಬರೆಯುವ ಮುನ್ನ ಹೀಗೆ ಅದೇ ಬದಲಾವಣೆ ಇರುವ ಇನ್ನೊಂದು ಪದವನ್ನು ಸಾಕ್ಷಿಗೆ ಹುಡುಕಲೇಬೇಕು.

ಇದರ ತಮ್ಮನಂಥ ಇನ್ನೊಂದು ತಪ್ಪು: ನಮ್ಮ ಸಕ್ಕರಿ, ಅರಬ್ಬಿಯ ಸುಕ್ಕರ್ ಕಿವಿಗೆ ಒಂದೇ ತರಹ ಕೇಳುತ್ತವೆ ಎಂದು ನಡುವೆ ನೇರ ಗೆರೆ ಎಳೆಯುವುದು. ಶರ್ಕರಾದ ‘ರ್ಕ’ ಪ್ರಾಕೃತದಲ್ಲಿ ‘ಕ್ಕ’ ಆಗಿ ಕನ್ನಡಕ್ಕೆ ಬಂತು. ಬೆಳಗಾವಿಯ ಮರಾಠಿಯಲ್ಲಿ ಕೇಳುವ ಸಾಖರ್ ಕೂಡ ಆ ಕಡೆಯದೇ. ಅರಬ್ಬಿ ರೂಪ ಪಾರಸಿಯ ಮೂಲಕ ಬೇರೆ ದಾರಿ ಹಿಡಿಯಿತು. ಇವು ದಾಯಾದಿಗಳು, ಒಂದು ಇನ್ನೊಂದರ ಮಗನಲ್ಲ.

ಜ್ಯಾಗರಿ ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದ ಕೊನೆಗೆ, ಪೋರ್ಚುಗೀಸರ ಬಾಯಿಂದ. ಅವರು 1498ರಲ್ಲಿ ಕೋಳಿಕೋಡಿಗೆ ಬಂದರು, 1510ರಲ್ಲಿ ಗೋವಾ ಹಿಡಿದರು. 1516ರ ಹೊತ್ತಿಗೆ ದುವಾರ್ತೆ ಬಾರ್ಬೋಸಾ ಎಂಬ ಪೋರ್ಚುಗೀಸ್ ಬರಹಗಾರ ತಾಳೆಜಾತಿಯ ಮರಗಳ ಬೆಲ್ಲವನ್ನು ‘ಶಾಗರ’ (xagara) ಎಂದು ಬರೆದಿದ್ದಾನೆ. ಪೋರ್ಚುಗೀಸರ ‘ಎಕ್ಸ್’ ಅಕ್ಷರವನ್ನು ಇಲ್ಲಿ ಶ ಎಂದೇ ಓದಬೇಕು. ಪೋರ್ಚುಗೀಸರಿಗೆ ಈ ಪದ ಯಾವ ಭಾಷೆಯಿಂದ ಸಿಕ್ಕಿತು ಎಂಬ ಹಿಂದಿನ ಕೊಂಡಿಯ ಬಗ್ಗೆ ಕೋಶಗಳು ಒಮ್ಮತದಲ್ಲಿಲ್ಲ. ಕೆಲವು ಮಲಯಾಳದ ಚಕ್ಕರ ಎನ್ನುತ್ತವೆ, ಕೆಲವು ಕನ್ನಡದ ಶರ್ಕರೆ. ಎರಡನ್ನೂ ಬರೆದು, ಯಾವ ಕೋಶ ಏನೆನ್ನುತ್ತದೆ ಎಂದು ಪಕ್ಕದಲ್ಲಿ ಗುರುತು ಹಾಕಿ. ಕನ್ನಡದ ಅಭಿಮಾನಕ್ಕೆ ಒಂದನ್ನು ಅಳಿಸಿದರೆ ಅದು ಪದಮೂಲ ಅಲ್ಲ.

ಬಾರ್ಬೋಸಾನ ಸಾಲಿನಲ್ಲಿ ‘ತಾಳೆಜಾತಿ’ ಇರುವುದನ್ನು ಬಿಡಬೇಡಿ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಜ್ಯಾಗರಿ ಎಂದರೆ ಮುಖ್ಯವಾಗಿ ಈಚಲು, ತಾಳೆ, ತೆಂಗು, ಬೈನೆ ಮರಗಳ ರಸದ ಬೆಲ್ಲ. ನಮ್ಮ ಗಾಣದ ಕೊಪ್ಪರಿಗೆ, ಬೆಲ್ಲದ ಪೆಂಟಿ ಮನಸ್ಸಿನಲ್ಲಿಟ್ಟುಕೊಂಡು ಆ ಪುಟಗಳನ್ನು ಅನುವಾದಿಸಿದರೆ ಕರಾವಳಿಯ ಮರದ ಬೆಲ್ಲ ಕಬ್ಬಿನ ಬೆಲ್ಲವಾಗಿಬಿಡುತ್ತದೆ.

ಬೆಲ್ಲ ಎಂಬ ಪದವನ್ನು ಈ ಹಾಳೆಗೆ ತರಬೇಡಿ, ಅದರ ಕುಲವೇ ಬೇರೆ. ತಮಿಳಿನ ವೆಲ್ಲಂ ಜೊತೆ ಇಟ್ಟು ನೋಡಿ: ತಮಿಳಿನ ವ ಕನ್ನಡದಲ್ಲಿ ಬ. ವಿಲ್–ಬಿಲ್ಲು, ವೇರ್–ಬೇರು ಇದಕ್ಕೆ ಸಾಕ್ಷಿ.

ಶುಗರಿಗೆ ಮಾತ್ರ ಕೊನೆಗೆ ಇನ್ನೊಂದು ಸಾಲು ಬೇಕು. ಬಾಗಲಕೋಟೆಯಲ್ಲಿ ಯಾರಾದರೂ ‘ಅವರಿಗೆ ಶುಗರ್ ಐತ್ರಿ’ ಅಂದರೆ ಅದು ಡಬ್ಬಿಯೊಳಗಿನ ಸಕ್ಕರೆಯಲ್ಲ, ಮಧುಮೇಹ. ರೂಪ ಶುಗರ್, ಭಾಷೆ ಕನ್ನಡ, ಅರ್ಥ ಮಧುಮೇಹ ಎಂದು ಬರೆಯಿರಿ. ಕಾಲದ ಕಾಲಂಗೆ ಹಳೆಯ ಕನ್ನಡ ಪತ್ರಿಕೆಗಳ ಕಡತ ತಿರುವಿ, ಈ ಅರ್ಥದಲ್ಲಿ ಅಚ್ಚಾದ ಎಲ್ಲಕ್ಕಿಂತ ಹಳೆಯ ಸಾಲಿನ ದಿನಾಂಕ ಹಾಕಿ. ಅದಕ್ಕಿಂತ ಹಳೆಯದು ಸಿಕ್ಕಾಗ ತಿದ್ದಿಕೊಳ್ಳಿ.