ಮಂಡಿ ಲೆಕ್ಕದ ಆ್ಯಪ್: ಆಲ್ಫಾ ಎಲ್ಲಿಯವರೆಗೆ, ಬೀಟಾ ಯಾವಾಗಿನಿಂದ

ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುವಾಗ, ಬಿಡುಗಡೆಗೆ ಮುಂಚಿನ ಆವೃತ್ತಿಗೆ ಹೆಸರಿಡಲು ನಾವು ಬಗ್‌ಗಳನ್ನು ಎಣಿಸುವುದಿಲ್ಲ. ಮಂಡಿಯವರು ಕೇಳುವುದು ಒಂದೇ: "ಇದನ್ನ ನಂಬ್ಕೊಂಡು ಪುಸ್ತಕ ಬರೆಯೋದು ಬಿಡಬಹುದಾ ಸಾರ್?" ಬಿಡಬೇಡಿ, ಇಲ್ಲಿನ ಡೇಟಾ ನಾಳೆ ಅಳಿಸಿಹೋದರೂ ಹೋಗಬಹುದು ಎನ್ನಬೇಕಾದರೆ ಅದು ಆಲ್ಫಾ. ಸಣ್ಣಪುಟ್ಟ ತಪ್ಪು ಸಿಗಬಹುದು, ಆದರೆ ಇವತ್ತು ಹಾಕಿದ ಎಂಟ್ರಿ ಕೊನೆಯ ಆವೃತ್ತಿಯಲ್ಲೂ ಇರುತ್ತದೆ ಎಂದು ಮಾತು ಕೊಡಬಹುದಾದರೆ ಬೀಟಾ.

ಒಂದು ಲಾಟ್ ನೋಡಿ. ರೈತ 15 ಕೆಜಿಯ 60 ಬಾಕ್ಸ್ ಇಳಿಸುತ್ತಾನೆ. ಹರಾಜಿನಲ್ಲಿ 40 ಬಾಕ್ಸ್ ಒಬ್ಬರಿಗೆ ಬಾಕ್ಸಿಗೆ 320 ರೂಪಾಯಿಯಂತೆ, 20 ಬಾಕ್ಸ್ ಇನ್ನೊಬ್ಬರಿಗೆ 290 ರೂಪಾಯಿಯಂತೆ ಹೋಗುತ್ತವೆ. ಒಂದು ಲಾಟಿಗೆ ಒಂದೇ ದರ ಎಂದು ಡೇಟಾಬೇಸಿನ ಟೇಬಲ್ ಕಟ್ಟಿದ್ದರೆ ಸರಾಸರಿ 310 ಹಾಕಬೇಕಾಗುತ್ತದೆ. ರೈತನ ಪಟ್ಟಿಯಲ್ಲಿ ಮೊತ್ತ 18,600 ಸರಿಯಾಗಿಯೇ ಬರುತ್ತದೆ. ಆ್ಯಪ್ ಕ್ರ್ಯಾಶ್ ಆಗುವುದಿಲ್ಲ, ಯಾರೂ ದೂರುವುದಿಲ್ಲ. ಖರೀದಿದಾರರ ಖಾತೆ ತೆಗೆದಾಗ ಮಾತ್ರ ಒಬ್ಬರಿಗೆ 400 ಕಡಿಮೆ, ಇನ್ನೊಬ್ಬರಿಗೆ 400 ಹೆಚ್ಚು. ಇದನ್ನು ಸರಿಪಡಿಸಲು ಲಾಟ್ ಬೇರೆ, ಮಾರಾಟದ ಸಾಲು ಬೇರೆ ಎಂದು ಟೇಬಲ್ಲನ್ನೇ ಒಡೆಯಬೇಕು. ಹಳೆಯ ಎಂಟ್ರಿಗಳಲ್ಲಿ ಯಾವ ದರ ಯಾರದು ಎಂಬ ಮಾಹಿತಿಯೇ ಇಲ್ಲದ್ದರಿಂದ ಅವನ್ನು ಹೊಸ ರೂಪಕ್ಕೆ ತರಲು ದಾರಿಯಿಲ್ಲ. ಇಂಥ ಪ್ರಶ್ನೆ ಒಂದೇ ಒಂದು ಬಾಕಿ ಇದ್ದರೂ, ಸ್ಕ್ರೀನ್ ಎಷ್ಟೇ ಚೆಂದ ಇರಲಿ, ಅದು ಆಲ್ಫಾನೇ. ಹಣವನ್ನು ಪೈಸೆಯ ಪೂರ್ಣಾಂಕದಲ್ಲಿ ಇಡುವುದು, ಮುಂಗಡ ಮುರಿದುಕೊಳ್ಳುವ ಕ್ರಮ, ಹಮಾಲಿ ಯಾರ ಲೆಕ್ಕಕ್ಕೆ ಎಂಬುದು, ಇವೂ ಬೀಟಾಕ್ಕೆ ಮುಂಚೆಯೇ ಇತ್ಯರ್ಥವಾಗಬೇಕು. ಬಣ್ಣ, ಗುಂಡಿ, ವರದಿಯ ವಿನ್ಯಾಸ ಆಮೇಲೂ ಬದಲಾಗಲಿ.

ಕೋಡಿನಲ್ಲಿ ಈ ಗಡಿ ಒಂದೇ ಸಾಲಿನಲ್ಲಿದೆ. ಆಂಡ್ರಾಯ್ಡ್‌ನ ರೂಮ್ ಡೇಟಾಬೇಸ್ ಬಳಸುವವರು ಆಲ್ಫಾದಲ್ಲಿ 'ಫಾಲ್‌ಬ್ಯಾಕ್ ಟು ಡಿಸ್ಟ್ರಕ್ಟಿವ್ ಮೈಗ್ರೇಶನ್' ಹಾಕಿಟ್ಟಿರುತ್ತಾರೆ. ಮೈಗ್ರೇಶನ್ (ಹಳೆಯ ಡೇಟಾವನ್ನು ಹೊಸ ರೂಪಕ್ಕೆ ತರುವ ಕೋಡ್) ಬರೆಯದೆ ಸ್ಕೀಮಾ, ಅಂದರೆ ಟೇಬಲ್‌ಗಳ ರಚನೆ, ಬದಲಾದರೆ ಅದು ಟೇಬಲ್‌ಗಳನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟುತ್ತದೆ. ಆ ಸಾಲು ತೆಗೆಯುವ ಧೈರ್ಯ ಬಂದ ದಿನವೇ ಬೀಟಾ. ಅಂದಿನಿಂದ ಪ್ರತಿ ಸ್ಕೀಮಾದ ವಿವರವಿರುವ ಜೇಸನ್ ಫೈಲ್ ಗಿಟ್‌ಗೆ (ಕೋಡಿನ ಬದಲಾವಣೆಗಳನ್ನು ಕಾಯ್ದಿಡುವ ಸಾಧನಕ್ಕೆ) ಹೋಗಬೇಕು, ಪ್ರತಿ ಮೈಗ್ರೇಶನ್‌ಗೂ ಟೆಸ್ಟ್ ಇರಬೇಕು.

ಆಲ್ಫಾಕ್ಕೆ ಅಪ್ಲಿಕೇಶನ್ ಐಡಿಯ (ಫೋನ್ ಆ್ಯಪನ್ನು ಗುರುತಿಸುವ ಹೆಸರಿನ) ಕೊನೆಗೆ ಬೇರೆ ಸಫಿಕ್ಸ್ ಕೊಡುತ್ತೇವೆ. ಆಗ ಅದು ಪ್ರತ್ಯೇಕ ಆ್ಯಪ್ ಆಗಿ ಕೂರುತ್ತದೆ, ಅಳಿಸಿದರೂ ಬೇರೇನೂ ಹಾಳಾಗುವುದಿಲ್ಲ. ಅದರಿಂದ ಪ್ರಿಂಟಾಗುವ ಪಟ್ಟಿಯ ತಲೆಯ ಮೇಲೆ 'ಪರೀಕ್ಷೆಗೆ ಮಾತ್ರ' ಎಂದು ದಪ್ಪಕ್ಷರದಲ್ಲಿ ಬರುತ್ತದೆ, ಇಲ್ಲದಿದ್ದರೆ ರೈತ ಅದನ್ನೇ ಹಿಡಿದು ದುಡ್ಡು ಕೇಳುತ್ತಾನೆ. (58 ಮಿ.ಮೀ. ಥರ್ಮಲ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ಆ ಸಾಲನ್ನು 384 ಚುಕ್ಕಿ ಅಗಲದ ಚಿತ್ರವಾಗಿ ಕಳಿಸಿ.)

ಬೀಟಾಕ್ಕೆ ಮಾತ್ರ ಅಸಲಿ ಐಡಿ, ಮೊದಲ ದಿನದಿಂದಲೂ ಪ್ಲೇ ಸ್ಟೋರ್ ಮೂಲಕವೇ. ವಾಟ್ಸಾಪ್‌ನಲ್ಲಿ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಕಳಿಸುವುದು ಸುಲಭ, ನಿಜ. ಆದರೆ ಆ್ಯಪಿಗೆ ನೀವು ಡಿಜಿಟಲ್ ಸಹಿ ಮಾಡಿದ ಕೀ ಒಂದು, ಪ್ಲೇ ಬಳಸುವ ಕೀ ಇನ್ನೊಂದು ಆಗಿದ್ದರೆ ಫೋನ್ ಅಪ್‌ಡೇಟ್ ಒಪ್ಪುವುದಿಲ್ಲ. ಅನ್‌ಇನ್‌ಸ್ಟಾಲ್ ಮಾಡಲೇಬೇಕಾಗುತ್ತದೆ, ಡೇಟಾ ಅದರ ಜೊತೆಗೇ ಹೋಗುತ್ತದೆ. ಬೀಟಾ ಎಂದು ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಪ್ಲೇಯ ಇಂಟರ್ನಲ್ ಟೆಸ್ಟಿಂಗ್‌ಗೆ (ಒಳಗಿನವರ ಪರೀಕ್ಷೆಗೆ) 100 ಜನರವರೆಗೆ ಸೇರಿಸಬಹುದು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಪ್ರೊಡಕ್ಷನ್‌ಗೆ (ಎಲ್ಲರಿಗೂ ಬಿಡುಗಡೆ ಮಾಡಲು) ಅರ್ಜಿ ಹಾಕುವ ಮುಂಚೆ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ಆಯ್ದವರ ಪರೀಕ್ಷೆಯಲ್ಲಿ) ಕನಿಷ್ಠ 12 ಜನ ಸತತ 14 ದಿನ ಇರಬೇಕು, ಇಂಟರ್ನಲ್‌ನಲ್ಲಿ ಇದ್ದವರು ಈ ಲೆಕ್ಕಕ್ಕೆ ಬರುವುದಿಲ್ಲ.

ಆವೃತ್ತಿಯ ಸಂಖ್ಯೆ ಬರೆಯುವಾಗ 'ಬೀಟಾ' ಮತ್ತು ಅಂಕಿಯ ನಡುವೆ ಚುಕ್ಕಿ ಮರೆಯಬೇಡಿ. ಆವೃತ್ತಿಗಳಿಗೆ ಸಂಖ್ಯೆ ಕೊಡುವ ಸೆಮ್‌ವರ್ ನಿಯಮದಲ್ಲಿ 1.0.0-ಬೀಟಾ.10 ಎಂಬುದು ಬೀಟಾ.9ರ ನಂತರದ್ದು. ಚುಕ್ಕಿ ಬಿಟ್ಟು ಬರೆದರೆ ಅದು ಬರೀ ಅಕ್ಷರಮಾಲೆ, ಆಗ 10 ಹೋಗಿ 9ಕ್ಕಿಂತ ಹಳೆಯದಾಗುತ್ತದೆ, 'ಅಪ್‌ಡೇಟ್ ಮಾಡಿ' ಎಂಬ ಸರ್ವರ್ ಸಂದೇಶ ತಪ್ಪು ಜನಕ್ಕೆ ಹೋಗುತ್ತದೆ. ಆಂಡ್ರಾಯ್ಡ್ ಮಾತ್ರ ಈ ಹೆಸರನ್ನು ನೋಡುವುದೇ ಇಲ್ಲ, ಅದಕ್ಕೆ ವರ್ಷನ್ ಕೋಡ್ ಎಂಬ ಪೂರ್ಣಾಂಕ ಏರುತ್ತಲೇ ಇರಬೇಕು.

ಎಷ್ಟು ದಿನ ಬೀಟಾ? ಜಿಮೇಲ್ 2004ರಿಂದ 2009ರವರೆಗೆ 'ಬೀಟಾ' ಎಂಬ ಹಣೆಪಟ್ಟಿ ಕಟ್ಟಿಕೊಂಡೇ ಓಡಾಡಿತು. ನಮ್ಮಂಥವರು ಹಾಗೆ ಮಾಡಿದರೆ ಹೊಣೆ ಜಾರಿಸಿಕೊಳ್ಳುವ ನೆಪ ಅಷ್ಟೇ. ಮಂಡಿಗೆ ಮಾಲು ನುಗ್ಗುವ ಜೂನ್, ಜುಲೈ ಹೊತ್ತಿಗೆ ಹೆಸರು ಬದಲಿಸುವುದಿಲ್ಲ. ಅದಕ್ಕೆ ಮುಂಚೆಯೇ ಬೀಟಾ ಕೊಟ್ಟರೆ ಮೊದಲ ಆವಕದಲ್ಲೇ ನಿಜವಾದ ಒತ್ತಡ ಸಿಗುತ್ತದೆ. ಆಮೇಲಿನ ಆರ್‌ಸಿಯಲ್ಲಿ (ರಿಲೀಸ್ ಕ್ಯಾಂಡಿಡೇಟ್, ಬಿಡುಗಡೆಗೆ ಸಿದ್ಧ ಎಂದುಕೊಂಡ ಆವೃತ್ತಿಯಲ್ಲಿ) ಹೊಸದೇನೂ ಸೇರುವುದಿಲ್ಲ. ಲೆಕ್ಕ ತಪ್ಪಿಸುವ ಅಥವಾ ಡೇಟಾ ಕಳೆಯುವ ದೋಷ ಸಿಕ್ಕರೆ ತಿದ್ದಿ ಮುಂದಿನ ಆರ್‌ಸಿ ಕೊಡಬೇಕು. ಸಿಗದಿದ್ದರೆ ಅದೇ ಕಮಿಟ್‌ನಿಂದ (ಗಿಟ್‌ನಲ್ಲಿ ಉಳಿಸಿದ ಅದೇ ಕೋಡಿನಿಂದ) ಹೆಸರು ಮತ್ತು ವರ್ಷನ್ ಕೋಡ್ ಮಾತ್ರ ಬದಲಿಸಿ 1.0.0 ಬಿಲ್ಡ್ ಮಾಡಬೇಕು.