ಸೀಸನ್ನಿನುದ್ದಕ್ಕೂ ಆಟಗಾರರ ಮನಸ್ಸಿನ ಆರೋಗ್ಯ: ನಾವು ಅನುಸರಿಸುವ ಕ್ರಮ

ದೇಶೀ ಕ್ರಿಕೆಟ್‌ನಲ್ಲಿ ಸೀಸನ್‌ಗೆ ಮುಂಚೆ ಫಿಟ್‌ನೆಸ್ ಟೆಸ್ಟ್ ನಡೆಯುವಾಗಲೇ ಮನಸ್ಸಿನ ತಪಾಸಣೆಯನ್ನೂ ಒಂದೇ ಸಲ ಮುಗಿಸಿಬಿಟ್ಟರೆ ಪ್ರಯೋಜನ ಕಡಿಮೆ. ಕ್ಯಾಂಪ್ ಶುರುವಾದಾಗ ಎಲ್ಲರೂ ಹುರುಪಿನಲ್ಲೇ ಇರುತ್ತಾರೆ. ಕುಸಿತ ಕಾಣಿಸುವುದು ಹನ್ನೊಂದರ ಪಟ್ಟಿಯಲ್ಲಿ ಹೆಸರು ತಪ್ಪಿದಾಗ, ಗಾಯವಾದಾಗ, ಸೀಸನ್ ಮುಗಿದು ಮನೆ ಸೇರಿದ ಮೇಲೆ. ಆದ್ದರಿಂದ ಸೀಸನ್ನಿನ ಆರಂಭ, ಮಧ್ಯ, ಕೊನೆಯ ಜೊತೆಗೆ ಈ ಮೂರು ಸಂದರ್ಭಗಳಲ್ಲೂ ಮತ್ತೆ ಕೇಳುತ್ತೇವೆ.

ನಾವು ಬಳಸುವುದು ಕ್ರೀಡಾಪಟುಗಳ ಮನಸ್ಸಿನ ಆರೋಗ್ಯ ತಿಳಿಯಲು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ರೂಪಿಸಿದ ಎಸ್‌ಎಂಎಚ್‌ಎಟಿ-1 ಎಂಬ ಪ್ರಶ್ನಾವಳಿಗಳ ಕಟ್ಟು. ಇದು 16 ವರ್ಷ ತುಂಬಿದವರಿಗೆ. ಮೊದಲ ಹಂತದಲ್ಲಿ ಮನಸ್ಸಿನ ಒತ್ತಡ ಅಳೆಯುವ ಎಪಿಎಸ್‌ಕ್ಯೂ ಎಂಬ 10 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಮೊತ್ತ 17 ಮುಟ್ಟಿದರೆ ಎರಡನೇ ಹಂತ: ಆತಂಕಕ್ಕೆ ಜಿಎಡಿ-7, ಖಿನ್ನತೆಗೆ ಪಿಎಚ್‌ಕ್ಯೂ-9, ಜೊತೆಗೆ ನಿದ್ದೆ, ಮದ್ಯ, ಮಾದಕವಸ್ತು, ಊಟದ ಕ್ರಮದ ಪ್ರಶ್ನಾವಳಿಗಳು. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಉತ್ತರ ಬಂದರೂ ಮೊತ್ತ ಎಷ್ಟೆಂದು ನೋಡದೆ ಅದೇ ದಿನ ಮನೋವೈದ್ಯರಿಗೆ ತೋರಿಸಬೇಕು.

ಲೆಕ್ಕ ಕೆಡುವುದು ಈ ಪ್ರಶ್ನೆಗಳ ಉತ್ತರದ ಹಾಳೆ ಯಾರ ಕೈಗೆ ಹೋಗುತ್ತದೆ ಎಂಬಲ್ಲಿ. ಕೋಚ್ ಅಥವಾ ಮ್ಯಾನೇಜರ್ ಸಂಗ್ರಹಿಸಿದರೆ ಎಲ್ಲರ ಅಂಕವೂ ಕೆಳಗಿಳಿಯುತ್ತದೆ; ಸೆಲೆಕ್ಷನ್‌ನ ಭಯ ಇದ್ದವನು ನಿಜ ಬರೆಯುವುದಿಲ್ಲ. ಅಂಕ ವೈದ್ಯರ ಬಳಿಯೇ ಉಳಿಯಬೇಕು. ಕೋಚ್‌ಗೆ ತಿಳಿಯಬೇಕಾದದ್ದು ಇಷ್ಟೇ: ಆಡಬಹುದೇ, ಅಭ್ಯಾಸ ಕಡಿಮೆ ಮಾಡಬೇಕೇ. ಇದನ್ನೂ ಆಟಗಾರ ಒಪ್ಪಿದ ಮೇಲೆಯೇ ಹೇಳುವುದು. ತಂಡ ಪ್ರಕಟವಾಗುವ ಹಿಂದಿನ ದಿನ ಹಾಳೆ ಕೊಡಲೇಬಾರದು.

ಅಂಕ ಕಡಿಮೆ ಇದ್ದರೂ ಮಾತು ಬೇಕು. ನಮ್ಮ ಹುಡುಗರು ‘ಖಿನ್ನತೆ’ ಅನ್ನುವುದಿಲ್ಲ. ‘ತಲೆ ಭಾರ ಸರ್, ನಿದ್ದೆ ಹತ್ತಲ್ಲ, ಊಟ ಸೇರಲ್ಲ’ ಅನ್ನುತ್ತಾರೆ. ಇದನ್ನು ಮೊದಲು ಕೇಳಿಸಿಕೊಳ್ಳುವವರು ಫಿಸಿಯೋ, ಯಾಕೆಂದರೆ ಮಸಾಜ್ ಟೇಬಲ್ ಮೇಲೆ ಹುಡುಗರು ಬಾಯಿ ಬಿಡುತ್ತಾರೆ. ಎರಡು ವಾರ ಬಿಡದೆ ಹೀಗೇ ಇದ್ದರೆ ನಮಗೆ ತಿಳಿಸುವಂತೆ ಅವರಿಗೆ ಹೇಳಿರುತ್ತೇವೆ, ಆಟಗಾರನಿಗೆ ಹೇಳಿಯೇ.

ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜುವಿನ ಶಸ್ತ್ರಚಿಕಿತ್ಸೆಯಾದವನು ಮರಳಲು ಒಂಬತ್ತು ತಿಂಗಳಾದರೂ ಬೇಕು. ಅಷ್ಟು ಕಾಲ ಅವನನ್ನು ತಂಡದ ವಾಟ್ಸಾಪ್ ಗುಂಪಿನಿಂದ ತೆಗೆಯುವುದು ಎಲ್ಲಕ್ಕಿಂತ ಕೆಟ್ಟ ತೀರ್ಮಾನ. ಮೀಟಿಂಗ್‌ಗೆ ಕರೆಯಿರಿ, ವಿಡಿಯೋ ವಿಶ್ಲೇಷಣೆಯಂಥ ನಿಜವಾದ ಕೆಲಸ ಕೊಡಿ.

ಔಷಧಿಯ ವಿಷಯಕ್ಕೆ ಬಂದರೆ, ಖಿನ್ನತೆಗೆ ಸಾಮಾನ್ಯವಾಗಿ ಬರೆಯುವ ಎಸ್‌ಎಸ್‌ಆರ್‌ಐ ಮಾತ್ರೆಗಳು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿಲ್ಲ. ಡೋಪ್ ಟೆಸ್ಟ್‌ಗೆ ಹೆದರಿ ಅವನ್ನು ನಡುವೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಶುರುವಾಗಬಹುದು. ಆದರೆ ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್‌ಗೆ ಮುಂಚೆಯೇ ಟಿಯುಇ, ಅಂದರೆ ಚಿಕಿತ್ಸೆಗಾಗಿ ನಿಷೇಧಿತ ಔಷಧಿ ಬಳಸುವ ಅನುಮತಿ, ಪಡೆಯಬೇಕು.

ಕೊನೆಯ ಪಂದ್ಯವಾದ ನಾಲ್ಕು ವಾರಕ್ಕೆ ಪ್ರತಿಯೊಬ್ಬರಿಗೂ ಫೋನ್ ಮಾಡುತ್ತೇವೆ, ಮುಖ್ಯವಾಗಿ ಐಪಿಎಲ್ ಒಪ್ಪಂದವಾಗಲಿ ನೌಕರಿಯಾಗಲಿ ಇಲ್ಲದವರಿಗೆ. ಮನೆಯವರ ಕೈಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನೂ ಕೊಟ್ಟಿರುತ್ತೇವೆ. ಅಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು.